ಆರು ವರ್ಷವಾದರೂ ಬಿಡ್ರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಂದಿಗೆ ಸಮುದ್ರದ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಮಳೆ ಕೈಕೊಟ್ಟ ವರ್ಷ ಈ ತಾಲ್ಲೂಕುಗಳಿಂದ ಗಂಟುಮೂಟೆ ಕಟ್ಟಿಕೊಂಡು ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುವವರು ಯಾರು? ಕರಾವಳಿಯ ಕಟ್ಟಡಗಳಿಗೆ ಬುಟ್ಟಿಗಟ್ಟಲೆ ಕಾಂಕ್ರೀಟು ಹೊತ್ತವರು ಯಾರು? ತಾಳಿಕೋಟೆ ಸೀಮೆಯ ಮನೆಗಳಿಗೆ ಹಾಸಿದ ಫರ್ಶಿಕಲ್ಲು ಕೂಡ ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಸುಣ್ಣವೇ. ಸಮುದ್ರದ ಸಲುವಾಗಿ ಸಿಟ್ಟಿಗೇಳುವ ಹಕ್ಕು ನಮಗೂ ಇದೆ. ನಾನು ಸಿಟ್ಟಿಗೆದ್ದೇ ಬರೆಯುತ್ತಿದ್ದೇನೆ.

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಲಕ್ಷದ್ವೀಪದ ಹವಳದ ದಿಬ್ಬಗಳನ್ನು ಬಿಡದೆ ಗಮನಿಸುತ್ತ ಬಂದಿದ್ದಾರೆ. ಅಗತ್ತಿ, ಕದ್ಮತ್, ಕವರತ್ತಿ ಅವರು ಅಳೆದ ದ್ವೀಪಗಳು. ಕದ್ಮತ್ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು, ಅದರ ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು ಎಂಬುದನ್ನು ನಾವು ಎಷ್ಟು ಬೇಗ ಮರೆತೆವು!

ಹವಳ ಕಲ್ಲಲ್ಲ, ಜೀವ. ಸಣ್ಣ ಸಣ್ಣ ಪ್ರಾಣಿಗಳು ಒತ್ತೊತ್ತಾಗಿ ಕೂಡಿ, ಸುಣ್ಣದ ಗೂಡು ಕಟ್ಟಿಕೊಂಡು ಬಾಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇದೆ. ಬಿಸಿಲು ಉಂಡು ಅನ್ನ ಮಾಡಿ ಹವಳಕ್ಕೆ ಉಣಿಸುವುದು ಆ ಪಾಚಿ, ಬಣ್ಣವೂ ಅದರದೇ. ಕಡು ಬೇಸಿಗೆಯ ವಾಡಿಕೆಯ ಬಿಸಿಗಿಂತ ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ನಾಲ್ಕಾರು ವಾರ ಹಾಗೆಯೇ ನಿಂತರೆ ಹವಳ ಆ ಪಾಚಿಯನ್ನು ಹೊರಗೆ ದಬ್ಬುತ್ತದೆ. ಮೈ ಬೆಳ್ಳಗಾಗುತ್ತದೆ. ಆಗಿನ್ನೂ ಅದು ಸತ್ತಿಲ್ಲ, ಉಪವಾಸ ಬಿದ್ದಿದೆ. ನೀರು ಬೇಗ ತಣಿದರೆ ಪಾಚಿ ಮರಳಿ ಬರುತ್ತದೆ, ತಣಿಯದಿದ್ದರೆ ಹವಳ ಸಾಯುತ್ತದೆ.

ಎಲ್ ನಿನೊ 1998, 2010, 2016ರಲ್ಲಿ ಲಕ್ಷದ್ವೀಪದ ನೀರನ್ನು ಕಾಯಿಸಿತು. 1998ರಲ್ಲಿ ಶೇ 37ರಷ್ಟಿದ್ದ ಜೀವಂತ ಹವಳದ ಹಾಸು ಇಪ್ಪತ್ತನಾಲ್ಕು ವರ್ಷಗಳಲ್ಲಿ ಶೇ 19ರ ಆಸುಪಾಸಿಗೆ, ಅಂದರೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಬೇರೆ ಇದೆ. ಪೆಟ್ಟು ತಿಂದ ದಿಬ್ಬ ಚೇತರಿಸಿಕೊಳ್ಳಲು ವೇಗ ಪಡೆಯುವುದು ಸುಮಾರು ಆರು ವರ್ಷ ಮತ್ತೆ ಕಾವು ತಾಗದಿದ್ದರೆ ಮಾತ್ರ. ಈಗ ಲೆಕ್ಕ ಹಾಕಿ. ಮೊದಲ ಎರಡು ಪೆಟ್ಟುಗಳ ನಡುವೆ ಹನ್ನೆರಡು ವರ್ಷ ಸಿಕ್ಕಿತ್ತು. ಆಮೇಲಿನ ಅಂತರ ಆರೇ ವರ್ಷ. ತಲೆಯೆತ್ತುವ ಹೊತ್ತಿಗೇ ಹೊಡೆತ ಬಿತ್ತು. 2024ರಲ್ಲಿ ಮತ್ತೆ ಬಿತ್ತು, ಲಕ್ಷದ್ವೀಪದ ಹವಳ ಮತ್ತೆ ಬೆಳ್ಳಗಾಯಿತು.

ಬರದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಒಂದು ಬರ ರೈತನನ್ನು ಮುಗಿಸುವುದಿಲ್ಲ. ಎತ್ತು ಮಾರುತ್ತಾನೆ, ಗುಳೆ ಹೋಗುತ್ತಾನೆ, ನಾಲ್ಕು ಹಿಂಗಾರಿ ಕೈಹಿಡಿದರೆ ಮತ್ತೆ ಎತ್ತು ಕಟ್ಟುತ್ತಾನೆ. ಆ ನಾಲ್ಕು ಹಿಂಗಾರಿ ಮುಗಿಯುವ ಮೊದಲೇ ಸಾಲ ಕೊಟ್ಟವನು ಬಂದು ಹೊಲಕ್ಕೆ ಕೈಹಾಕಿದರೆ ಅವನು ಮುಗಿದ. ಎಲ್ ನಿನೊ ಬರವಾದರೆ, ಹೊಲಕ್ಕೆ ಕೈಹಾಕಲು ಬಂದವರು ನಾವು.

ನೇತ್ರಾಣಿಯನ್ನು ನೋಡಿ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ದೂರದ ನಡುಗಡ್ಡೆ. ಕರ್ನಾಟಕದ ಪಾಲಿಗೆ ಹವಳ ಎಂದು ಬೆರಳು ಮಾಡಿ ತೋರಿಸಲು ಇರುವುದೇ ಇಂಥ ಒಂದೆರಡು ತಾಣ. ಅದರ ಸುತ್ತಲಿನ ನೀರಿನಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 80ಕ್ಕೂ ಹೆಚ್ಚು ಜಾತಿಯ ಹವಳದ ಮೀನುಗಳನ್ನು ಗುರುತಿಸಿದ್ದಾರೆ. ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಇಂಥ ಜಾಗವನ್ನು ನಮ್ಮ ನೌಕಾಪಡೆ ವರ್ಷಗಟ್ಟಲೆ ಗುಂಡು ಹೊಡೆದು ಗುರಿ ಕಲಿಯಲು ಬಳಸಿತು! ದೇಶ ಕಾಯುವವರ ಮೇಲೆ ನನಗೆ ಗೌರವವಿದೆ. ಆ ಗೌರವ ಇರುವುದರಿಂದಲೇ ಕೇಳುತ್ತೇನೆ: ಇಷ್ಟು ದೊಡ್ಡ ಅರಬ್ಬೀ ಸಮುದ್ರದಲ್ಲಿ ಗುರಿ ಇಡಲು ಬೇರೆ ಜಾಗವೇ ಸಿಗಲಿಲ್ಲವೇ? ಪ್ರಶ್ನೆ ಕೇಳಿದ ಮೀನುಗಾರರು, ಪರಿಸರದವರು ದೇಶದ್ರೋಹಿಗಳಲ್ಲ. ಸಿಪಾಯಿ ಕಾಯುವ ದೇಶದೊಳಗೆ ನೇತ್ರಾಣಿಯೂ ಇದೆ.

ಬಲೆಯದು ಬೇರೆ ಕಥೆ. ಎರಡು ದೋಣಿ ಸೇರಿ ಎಳೆಯುವ ಬುಲ್ ಟ್ರಾಲ್ ಬಲೆ, ರಾತ್ರಿ ದೀಪ ಉರಿಸಿ ಮೀನು ಬಳಿಯುವ ಲೈಟ್ ಫಿಶಿಂಗ್, ಎರಡನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ನಿಷೇಧದ ಮೇಲೂ ದೀಪಗಳು ಉರಿದವು, ನಾಡದೋಣಿಯವರು ಬೀದಿಗಿಳಿದರು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಬಂದರು ಬೇಡವೆಂದು ಮೀನುಗಾರರು ಎದ್ದು ನಿಂತಿದ್ದಾರೆ. ಬಂದರೆಂದರೆ ಹೂಳೆತ್ತುವುದು, ಹೂಳೆತ್ತಿದರೆ ನೀರು ಕದಡುತ್ತದೆ, ಕದಡಿದ ನೀರಿನಲ್ಲಿ ಪಾಚಿಗೆ ಬಿಸಿಲು ಸಿಗದು. ಕಾವಿನಿಂದ ಸೊರಗಿದ ಹವಳದ ಮೇಲೆ ಮಣ್ಣು ಕೂತರೆ ಅದಕ್ಕೆ ಉಳಿಯುವ ದಾರಿ ಯಾವುದು? ಇತ್ತ ಇದೇ ಸರ್ಕಾರಗಳು ಮತ್ಸ್ಯ ಸಂಪದ ಯೋಜನೆಯಲ್ಲಿ ಸಿಮೆಂಟಿನ ಕೃತಕ ದಿಬ್ಬ ಮಾಡಿಸಿ ಕಡಲಿಗೆ ಇಳಿಸುತ್ತವೆ. ಸಿಮೆಂಟು ಇಳಿಸಿ, ಮೀನಿಗೆ ಆಸರೆಯಾಗಬಹುದು. ಅದಕ್ಕೂ ಮೊದಲು ದುಡ್ಡಿಲ್ಲದೆ ಬೆಳೆದು ನಿಂತದ್ದನ್ನು ಕೊಲ್ಲುವುದು ಬಿಡಿ.

ಹವಳ ಹೇಗೋ ಹೊಂದಿಕೊಳ್ಳುತ್ತದೆ ಎಂಬ ವಾದವೂ ಬರುತ್ತದೆ. ಪರ್ಷಿಯನ್ ಕೊಲ್ಲಿಯ ಹವಳ 35 ಡಿಗ್ರಿ ತಡೆಯುತ್ತದೆ ನಿಜ. ಆ ಗಟ್ಟಿತನ ಕೂಡಿಬರಲು ಸಾವಿರಾರು ವರ್ಷ ಹಿಡಿಯಿತು. 2017ರ ಬೇಸಿಗೆ ಅಲ್ಲಿನ ಹವಳವನ್ನೂ ರಾಶಿರಾಶಿಯಾಗಿ ಕೊಂದಿತು. ಜೀವವೊಂದರ ತಾಳಿಕೆಯನ್ನು ವಿಜ್ಞಾನಿ ಅಳೆಯುವುದು ಅದನ್ನು ಉಳಿಸಲಿಕ್ಕೆ. ಅದೇ ಅಳತೆಯನ್ನು ಇನ್ನಷ್ಟು ಹೊಡೆಯಲು ಪರವಾನಗಿ ಮಾಡಿಕೊಳ್ಳುವುದು ಕ್ರೌರ್ಯ.

ಸಮುದ್ರದ ಕಾವನ್ನು ಭಟ್ಕಳದ ಕಚೇರಿಯಿಂದ ಇಳಿಸಲಾಗದು, ಒಪ್ಪುತ್ತೇನೆ. ದೋಣಿಗಳು ಹವಳದ ಮೇಲೆ ಇಳಿಬಿಡುವ ಲಂಗರು ತಡೆಯಬಹುದಲ್ಲ? ನೇತ್ರಾಣಿಯ ಸುತ್ತ ಕಾಯಂ ತೇಲುಬುರುಡೆ ನೆಟ್ಟು ದೋಣಿಗಳನ್ನು ಅದಕ್ಕೇ ಕಟ್ಟಿಸಿ. ಗುಂಡಿನ ಅಭ್ಯಾಸ ಅಲ್ಲಿ ಇನ್ನೆಂದೂ ಇಲ್ಲವೆಂದು ಬರೆದುಕೊಡಿ. ನೀರು ಕಾದ ವರ್ಷ ಹೂಳೆತ್ತುವ ಯಂತ್ರಗಳನ್ನು ನಿಲ್ಲಿಸಿ. ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹವಳ ಇರುವುದು ಒಂದನೇ ಅನುಸೂಚಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲಿ. ಹೂಳೆತ್ತಲು ಸಹಿ ಹಾಕುವ ಅಧಿಕಾರಿ ಆ ಪುಟ ತೆರೆದು ಓದಲಿ. ಓದಿಯೂ ಸಹಿ ಹಾಕುವುದಾದರೆ ಕೆಳಗೆ ತನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯಲಿ. ಸಿಂದಗಿಯ ಶಾಲೆಯ ಹುಡುಗರು ಮುಂದೊಂದು ದಿನ ಮುರುಡೇಶ್ವರಕ್ಕೆ ಪ್ರವಾಸ ಬಂದಾಗ, ಇದನ್ನು ಮಾಡಿದವರು ಯಾರೆಂದು ಊರೂರು ತಿರುಗಿ ಕೇಳುವ ಕೆಲಸ ಅವರಿಗೆ ಬೀಳಬಾರದು.