ಜೂನಿಗೆ ಮುಂಚೆ ಪಾಲಿಸಿ ಬಿಚ್ಚಿ ನೋಡೋಣ

ಜೂನ್ 1ಕ್ಕೆ ಹರಿಕೇನ್ ಕಾಲ ಶುರು, ನವೆಂಬರ್ 30ರವರೆಗೆ. ಫ್ಲೋರಿಡಾದಲ್ಲಿರೋ ನಾವು ನೀರು, ಟಾರ್ಚು, ಅವಲಕ್ಕಿ ಎಲ್ಲ ತಂದಿಡುತ್ತೇವೆ. ಇನ್ಶೂರೆನ್ಸ್ ಕಾಗದ ಮಾತ್ರ ಡ್ರಾಯರಿನಿಂದ ಹೊರಗೆ ಬರೋದಿಲ್ಲ.

2022ರ ಸೆಪ್ಟೆಂಬರಿನಲ್ಲಿ ಇಯಾನ್ ಬಂದು ಹೋದ ಮೇಲೆ ನಮ್ಮಲ್ಲಿ ಹಲವರಿಗೆ ತಿಳಿದದ್ದು ಇದು: ಗಾಳಿ ಚಾವಣಿ ಕಿತ್ತರೆ ಮನೆಯ ಪಾಲಿಸಿ ಕೊಡುತ್ತದೆ, ಸಮುದ್ರ ಒಳಗೆ ನುಗ್ಗಿದರೆ ಕೊಡೋದಿಲ್ಲ. ನೀರಿಗೆ ಬೇರೆಯೇ ಪಾಲಿಸಿ. ಸರ್ಕಾರದ ಪ್ರವಾಹ ವಿಮೆಯಲ್ಲಿ ಮನೆಗೆ 2,50,000 ಡಾಲರ್‌ವರೆಗೆ, ಸಾಮಾನಿಗೆ ಬೇರೆಯಾಗಿ 1,00,000ದವರೆಗೆ ಮಾಡಿಸಬಹುದು. ಆದರೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೇ ಅದು ಜಾರಿಗೆ ಬರೋದು. ಟೀವಿಯಲ್ಲಿ ಬಿರುಗಾಳಿ ಸುದ್ದಿ ಕೇಳಿ ಏಜೆಂಟರಿಗೆ ಫೋನ್ ಹಚ್ಚಿದರೆ ಪ್ರಯೋಜನವಿಲ್ಲ.

ಡಿಡಕ್ಟಿಬಲ್ಲೂ ನೋಡಿ. ಹರಿಕೇನಿಗೆ ಅದು ಬೇರೆ, ಹೆಚ್ಚಾಗಿ ಶೇಕಡಾ ಲೆಕ್ಕ. 4 ಲಕ್ಷ ಡಾಲರಿನ ವಿಮೆಗೆ ಶೇ. 5 ಅಂದರೆ ಮೊದಲ 20,000 ನಮ್ಮ ಕೈಯಿಂದಲೇ! ಕಂತು ಕಮ್ಮಿ ಆಗುತ್ತೆ ಅಂತ ಶೇ. 10 ಆರಿಸಿಕೊಂಡವರು, ಅಷ್ಟು ದುಡ್ಡು ಎಲ್ಲಿಂದ ಬರುತ್ತೆ ಅಂತ ಮನೆಯವರ ಜೊತೆ ಕೂತು ಮಾತಾಡಿ.

ಬಾಡಿಗೆ ಮನೆಯವರೇ, ಮಾಲೀಕರ ವಿಮೆ ನಿಮ್ಮ ಮಂಚ, ಮಿಕ್ಸಿಗೆ ಬರೋದಿಲ್ಲ. ಸಾಮಾನಿಗೆ ಮಾತ್ರವೂ ಪ್ರವಾಹ ವಿಮೆ ಸಿಗುತ್ತದೆ. ಈ ಭಾನುವಾರ ಕೋಣೆ ಕೋಣೆಯ ವಿಡಿಯೋ ತೆಗೆದು ಊರಲ್ಲಿರೋ ಅಣ್ಣನಿಗೋ ತಂಗಿಗೋ ಕಳಿಸಿಡಿ.