ಮನೆಯ ಬೆಕ್ಕು

ಮಾಗಡಿ ತಾಲ್ಲೂಕಿನ ಕೆಂಪಾಪುರದಂತಹ ಊರುಗಳಲ್ಲಿ ಬೆಕ್ಕನ್ನು ಸಾಕುವುದು ಇಲಿಗಾಗಿ. ರಾಗಿಯ ಮೂಟೆಗೂ ರೇಷ್ಮೆಹುಳುವಿಗೂ ಇಲಿಯೇ ಶತ್ರು. ಅದರ ಮೂತ್ರದಿಂದ ಹರಡುವ ಇಲಿಜ್ವರವು ಪ್ರಾಣಕ್ಕೇ ಸಂಚಕಾರ ತರಬಲ್ಲದು. ಅಡ್ಡ ಬಂದರೆ ಅಪಶಕುನವೆಂದು ನಾವು ಬೈಯುವ ಪ್ರಾಣಿಯೇ ನಮ್ಮ ಕಣಜವನ್ನು ಕಾಯುತ್ತದೆ!

ಇದಕ್ಕಿಂತ ಸೂಕ್ಷ್ಮವಾದ ಉಪಕಾರವೊಂದುಂಟು. ಮಕ್ಕಳು ಬೆಂಗಳೂರು ಸೇರಿದ ಮೇಲೆ ಜಗಲಿಯಲ್ಲಿ ಒಬ್ಬಂಟಿಯಾಗಿ ಕುಳಿತ ಹಿರಿಯರ ಮಡಿಲಿಗೆ ಬೆಕ್ಕು ಬಂದು ಮಲಗಿದಾಗ ಅವರ ಮುಖ ಅರಳುವುದನ್ನು ನಾವು ಕಂಡಿದ್ದೇವೆ. ಅಮೆರಿಕದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದವರು 249 ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬೆಕ್ಕು ನಾಯಿಗಳನ್ನು 10 ನಿಮಿಷ ನೇವರಿಸಿದವರಲ್ಲಿ ಮನದ ಒತ್ತಡವನ್ನು ಸೂಚಿಸುವ ಕಾರ್ಟಿಸಾಲ್ ಇಳಿದಿತ್ತು. ಹೊತ್ತಿಗೆ ಸರಿಯಾಗಿ ಅದಕ್ಕೆ ತುತ್ತಿಡಬೇಕೆಂಬ ಹೊಣೆಯೂ ಹಿರಿಯರಿಗೆ ಒಂದು ಚೈತನ್ಯವೇ. ಆದರೆ ಬರಿಯ ಹಾಲನ್ನದಿಂದ ಬೆಕ್ಕು ಬದುಕಲಾರದು. ಮಾಂಸಾಹಾರ ಅದರ ಶರೀರಧರ್ಮ. ಇಲಿ ಹಿಡಿದು ತಂದಾಗ ಶಾಕಾಹಾರಿ ಮನೆಯವರು ಅದನ್ನು ಗದರಬಾರದು.

ಸಾಕಿದ ಬೆಕ್ಕೆಂಬ ಸಲಿಗೆಯಿಂದ ಪರಚಿದ ಗಾಯಕ್ಕೆ ಅರಿಸಿನ ಹಚ್ಚಿ ಸುಮ್ಮನಾಗುವುದು ಮಾತ್ರ ಅಪಾಯಕರ. ನಾಯಿಯಿಂದಾಗುವಂತೆ ಬೆಕ್ಕಿನಿಂದಲೂ ರೇಬಿಸ್ ತಗಲಬಹುದು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಅತಿ ವಿರಳ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಬೆಕ್ಕಿಗೂ ಪಶುವೈದ್ಯರಿಂದ ಲಸಿಕೆ ಹಾಕಿಸಬೇಕು. ಗರ್ಭಿಣಿಯರು ಬೆಕ್ಕಿನ ಮಲವನ್ನು ಬಳಿಯದಿರಲಿ. ಆ ಕೆಲಸವನ್ನು ಮನೆಯ ಗಂಡಸರೂ ಮಾಡಬಹುದು.