ಪಾದದಡಿಯ ಹೆಸರು

ಅರಸೀಕೆರೆಯ ಗೆಳತಿಯರಿಬ್ಬರು ಹಳೇಬೀಡನ್ನು ನೋಡಿಕೊಂಡು ಬೇಲೂರಿನ ಚೆನ್ನಕೇಶವನ ಗುಡಿಗೆ ಬಂದರು. ಮಾತು ಶಿಲೆಯಿಂದ ಸಂಸಾರಕ್ಕೆ ಹೊರಳಿತು.

“೨೦೨೩ರಲ್ಲಿ ಈ ಎರಡೂರಿನ ಗುಡಿಗಳು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ೧೨೨೦ರ ನಮ್ಮೂರ ಈಶ್ವರನ ಗುಡಿ ಹೊರಗೇ ಉಳಿಯಿತು. ನನ್ನ ಬಾಳೂ ಹಾಗೆಯೇ ಕಣೆ. ಮನೆಗಾಗಿ ಮೂವತ್ತು ವರ್ಷ ದುಡಿದೆ, ಹೆಸರು ಹೇಳುವವರಿಲ್ಲ” ಎಂದಳೊಬ್ಬಳು.

ಇನ್ನೊಬ್ಬಳು ಮೇಲಿನ ಮದನಿಕೆಯರತ್ತ ಕೈತೋರಿದಳು. “ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಬ್ಬರ ಹೆಸರೂ ಈ ಪೀಠಗಳಲ್ಲಿವೆ. ಶತಮಾನ ಒಂಬತ್ತು ಕಳೆದರೂ ಅಳಿದಿಲ್ಲ. ಆದರೆ ಮೇಲೆ ವಿಗ್ರಹವಿದ್ದರಲ್ಲವೆ ಪಾದದಡಿ ಹೆಸರು? ಮದುವೆಯಾದಂದು ಮುಚ್ಚಿಟ್ಟ ವೀಣೆಯನ್ನು ಹೊರಗೆ ತೆಗೆ.”

“ತಂತಿ ತುಕ್ಕು ಹಿಡಿದಿದೆಯಲ್ಲೆ!”

“ತಂತಿ ಬದಲಿಸಿದರಾಯಿತು, ಬೆರಳು ನಿನ್ನವೇ ಅಲ್ಲವೆ?”